ಸೊಟ್ಟ ಪಡಸಾಲೆಗೆ ಐದು ಸ್ಪೀಕರ್

ಮಗಾ, ಟೇಪು ಹಿಡಿದು ಗೋಡೆ ಅಳೆಯೋಕೆ ಹೋಗಬೇಡ. ನಿಮ್ಮಜ್ಜಿ ಎಲ್ಲಿ ಕೂರುತ್ತಾರೆ, ನೀನೆಲ್ಲಿ ಕೂರುತ್ತೀಯ, ಮೊದಲು ಅದನ್ನು ಗೊತ್ತುಮಾಡಿಕೊ. ಅಳತೆಯೆಲ್ಲ ಆ ಜಾಗದಿಂದ ಶುರುವಾಗಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಕೋಣೆ ಸೊಟ್ಟಗಿದ್ದರೆ ಅದು ಕಟ್ಟಿದವರ ತಪ್ಪಲ್ಲ. ಅಣ್ಣತಮ್ಮಂದಿರು ಭಾಗವಾದಾಗ ತೊಟ್ಟಿಮನೆಯ ನಡುವೆ ಗೋಡೆ ಏಳುತ್ತದೆ. ನಿನ್ನ ಪಾಲಿಗೆ ಬಂದ ಪಡಸಾಲೆಯೂ ಹಾಗೇ. ಬಲಕ್ಕೆ ಹತ್ತಿರದಲ್ಲೇ ಭಾಗದ ಗೋಡೆ, ಎಡಕ್ಕೆ ಗೋಡೆಯೇ ಇಲ್ಲದೆ ಊಟದ ಜಾಗಕ್ಕೆ ತಿರುಗಿದ ಮೂಲೆ, ತಲೆ ಮೇಲೆ ಕಾಯಿ ತುಂಬಿದ ಅಟ್ಟ.

ಸೋಫಾನ ಹಿಂದಿನ ಗೋಡೆಗೆ ಒತ್ತಿ ಹಾಕಬೇಡ, 2-3 ಅಡಿ ಮುಂದಕ್ಕೆ ಎಳೆ. ಗೋಡೆ ಪಕ್ಕ ತಗ್ಗು ಸದ್ದೆಲ್ಲ ಸೇರಿ ಗುಂಯ್‌ಗುಡುತ್ತದೆ.

ಸರೌಂಡ್ ಅಂದರೆ ಬೆನ್ನಹಿಂದಿನ ಎರಡು ಮೂಲೆ ಅಂತ ತುಂಬ ಜನ ತಿಳಿದಿದ್ದಾರೆ. ಟಿವಿ ಕಡೆ ಮುಖ ಮಾಡಿ ಕೂತು ಎರಡೂ ಕೈ ಪಕ್ಕಕ್ಕೆ ಚಾಚು. ಆ ಗೆರೆಗಿಂತ ಚೂರು ಹಿಂದೆ ಅವುಗಳ ಜಾಗ. ಐದು ಸ್ಪೀಕರ್‌ಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಲೆಕ್ಕದಲ್ಲಿ ಮುಂದಿನ ಎರಡು ನಡುವಿನಿಂದ ಆಚೀಚೆ 30 ಡಿಗ್ರಿ, ಸರೌಂಡ್ 100ರಿಂದ 120 ಡಿಗ್ರಿ. ಕೂತಾಗಿನ ಕಿವಿಗಿಂತ ಒಂದೆರಡು ಅಡಿ ಮೇಲಿರಲಿ. ಬಲಗಡೆಯದನ್ನು ಗೋಡೆಗೆ ಹೊಡಿ. ಎಡಗಡೆ ಗೋಡೆಯಿಲ್ಲ ಅಂತ ಅದನ್ನು ದೂರದ ಊಟದ ಗೋಡೆಗೆ ಸಾಗಿಸಬೇಡ, ಸ್ಟ್ಯಾಂಡ್ ಮೇಲಿಡು. ಅಟ್ಟದ ತೊಲೆಗೆ ಕ್ಲಾಂಪ್ ಹಾಕಿ ಇಳಿಬಿಟ್ಟರೂ ಆದೀತು.

ಆದರೂ ಎರಡೂ ಸಮದೂರಕ್ಕೆ ಬರಲಿಕ್ಕಿಲ್ಲ. ಬಲಗಡೆಯದು 4 ಅಡಿ, ಎಡಗಡೆಯದು 9 ಅಡಿ ಅಂತಿಟ್ಟುಕೊ. ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. 5 ಅಡಿ ಹೆಚ್ಚಿದ್ದರೆ ನಾಲ್ಕೂವರೆ ಮಿಲಿಸೆಕೆಂಡ್ ತಡ. ಇಷ್ಟರಿಂದ ಏನಾದೀತು ಅನ್ನಬೇಡ. ಒಂದೇ ಸದ್ದು ಎರಡು ಕಡೆಯಿಂದ ಬಂದರೆ ಕಿವಿ ಮೊದಲು ಮುಟ್ಟಿದ ಕಡೆಯನ್ನೇ ನಂಬುತ್ತದೆ ಅಂತ ಹೆಲ್ಮುಟ್ ಹಾಸ್ 1949ರಲ್ಲೇ ತೋರಿಸಿದ್ದಾನೆ. ಸಿನಿಮಾದಲ್ಲಿ ಸುತ್ತಲೂ ಮಳೆ ಸುರಿಯುತ್ತಿದ್ದರೂ ನಿನಗೆ ಬಲಗಡೆ ಮಾತ್ರ ಸುರಿದ ಹಾಗಿರುತ್ತದೆ. ಕಿವಿಯಿಂದ ಒಂದೊಂದು ಸ್ಪೀಕರಿಗೂ ದಾರ ಹಿಡಿದು ಅಳೆದು, ಆ ಅಡಿಗಳನ್ನು ರಿಸೀವರಿಗೆ ಕೊಡು. ಹತ್ತಿರದ್ದನ್ನು ಅದೇ ತಡೆದು ಬಿಡುತ್ತದೆ. ಆಮೇಲೆ ಟೆಸ್ಟ್ ಟೋನ್ ಹಾಕಿ ಸದ್ದಿನ ಮಟ್ಟ ಸರಿದೂಗಿಸು. ಮೀಟರ್ ಇಲ್ಲದಿದ್ದರೆ ಕಿವಿಯಿಂದಲೇ ನೋಡು. ಕಾಯಿ ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಅಂತ ಲೊಟಲೊಟ ಸದ್ದಿನಲ್ಲೇ ಹೇಳುವವರ ಮನೆ ಹುಡುಗ ನೀನು.

ನಡುವಿನ ಸ್ಪೀಕರಿಗೆ ಮಾತ್ರ ಜಿಪುಣತನ ಬೇಡ. ಮಾತೆಲ್ಲ ಹೆಚ್ಚಾಗಿ ಅದರಿಂದಲೇ ಬರುವುದು. ಟಿವಿ ಕೆಳಗೆ ಶೋಕೇಸಿನೊಳಗೆ ತುರುಕದೆ ಅಂಚಿಗೆ ತಂದು, ಮೂತಿ ಕೊಂಚ ಮೇಲೆತ್ತಿ, ಅಜ್ಜಿಯ ಕಿವಿಗೆ ನೇರ ಮಾಡು. ಅವರು "ಏನಂದನಪ್ಪಾ?" ಅಂತ ಕೇಳುತ್ತಲೇ ಇದ್ದರೆ ಉಳಿದ ನಾಲ್ಕು ಇದ್ದೂ ಏನು ಬಂತು?

ಸಬ್‌ವೂಫರ್ ವಿಷಯದಲ್ಲಿ ಸೊಟ್ಟ ಕೋಣೆಗೂ ಹೆದರಬೇಕಿಲ್ಲ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನದೆಂದು ಕಿವಿಗೆ ಸುಲಭಕ್ಕೆ ತಿಳಿಯದು. ಅದನ್ನು ಸೋಫಾ ಮೇಲಿಟ್ಟು ಹಾಡು ಹಾಕಿ, ನೀನು ಗೋಡೆಯಂಚಿಗೆ ಬಗ್ಗಿ ಸುತ್ತು. ಎಲ್ಲಿ ಗುಂಯ್ ಅನ್ನದೆ ಹದವಾಗಿ ಕೇಳುತ್ತದೋ ಅಲ್ಲಿ ಇಡು. ನಾರಿನ ಚಾಪೆ ಗೋಡೆಗೆ ಹೊಡೆದರೆ ಆ ಗುಂಯ್ ಹೋಗುತ್ತೆ ಅಂದುಕೊಳ್ಳಬೇಡ. 100 ಹರ್ಟ್ಸ್ ಅಲೆಯ ಉದ್ದವೇ 11 ಅಡಿಗೆ ಮೇಲು. ಚಾಪೆ ತಗ್ಗಿಸುವುದು ಕೀರಲು ಸದ್ದನ್ನಷ್ಟೇ. ಬರಿ ನೆಲದ ಮೇಲೆ ಜಮಖಾನ ಹಾಸಿದರೂ ಅಷ್ಟು ಆಗುತ್ತದೆ.

ವೈರನ್ನು ಅಟ್ಟದಲ್ಲಿ ಹಾಯಿಸುವುದಾದರೆ ಪಿವಿಸಿ ಪೈಪಿನೊಳಗೇ ಹಾಯಿಸು, ಇಲಿ ಬಿಡುವುದಿಲ್ಲ. ಮತ್ತೆ, ಕಾಯಿ ವರ್ಷವಿಡೀ ಒಂದೇ ಸಮ ಇರುವುದಿಲ್ಲ ನೋಡು. ಎಂಟು ಹತ್ತು ತಿಂಗಳು ಮಟ್ಟೆ ಸಮೇತ ಒಣಗುವಾಗ ಆ ನಾರು ಒಂದಷ್ಟು ಸದ್ದು ಕುಡಿಯುತ್ತದೆ. ಕಾಯಿ ಇಳಿಸಿ ಅಟ್ಟ ಖಾಲಿಯಾದ ವಾರ ಟೆಸ್ಟ್ ಟೋನ್ ಮತ್ತೊಮ್ಮೆ ಹಾಕಿ, ಸರೌಂಡ್ ಎರಡನ್ನೂ ಹೊಸದಾಗಿ ಸರಿದೂಗಿಸು.