ನೇಗಿಲ ಓಣಿಯ ಕಾಲ್ಚೆಂಡು ಸಂಘ



ಪ್ರತಿ ಸಲ ಗೊಬ್ಬರ, ಬೀಜ, ಹುಳುಗಳ ವಿಷಯ ಬರೆಯುವ ನಾನು ಈ ಸಲ ಕಾಲ್ಚೆಂಡಾಟದ ವಿಷಯ ಹಿಡಿದುದನ್ನು ಕಂಡು ನೀವು ನಗಬಹುದು. ಕಾರಣ ಹೇಳುತ್ತೇನೆ. ಒಂದು ಹಳ್ಳಿಯ ಸಭೆಯಲ್ಲಿ ಹಿರಿಯರೊಬ್ಬರು, "ಸಂಘ ಕಟ್ಟುವುದು ಸುಲಭ ಸ್ವಾಮಿ, ಬೆಳೆದ ಮೇಲೆ ಅದು ನಮ್ಮ ಕೈಯಲ್ಲೇ ಉಳಿಯುವುದು ಹೇಗೆ, ಅದನ್ನು ಹೇಳಿ" ಎಂದು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ನೆನಪಾದುದು ಇಂಗ್ಲೆಂಡಿನ ವಿಂಬಲ್ಡನ್ ಸಂಘ.

ವಿಂಬಲ್ಡನ್ ಎಂಬುದು ಲಂಡನ್ ನಗರದ ಒಂದು ಭಾಗ. ನಮ್ಮ ಗೋಮಾಳವಿದ್ದಂತೆ ಅಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಬಯಲೊಂದಿದೆ. 1889ರಲ್ಲಿ ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳು ಆ ಬಯಲಿನಲ್ಲಿ ಚೆಂಡಾಡಲು ಸಂಘ ಕಟ್ಟಿದರು. 1912ರಲ್ಲಿ ಅವರು ಸ್ವಂತ ಮೈದಾನಕ್ಕೆ ಹೋದರು. ಆ ಬೀದಿಯ ಹೆಸರು ಪ್ಲೌ ಲೇನ್. ನಮ್ಮ ಮಾತಿನಲ್ಲಿ ನೇಗಿಲ ಓಣಿ. ಆಟಗಾರರಿಗೆ ಸಂಬಳವಿರಲಿಲ್ಲ. ಹೀಗೆ ಹವ್ಯಾಸಿಗಳಾಗಿಯೇ ಆಡಿ 1963ರಲ್ಲಿ ಸಟನ್ ಯುನೈಟೆಡ್ ತಂಡವನ್ನು ಸೋಲಿಸಿ ಹವ್ಯಾಸಿ ಕಪ್ಪನ್ನು ಗೆದ್ದರು. ಮರುವರ್ಷ ಸಂಬಳದ ಆಟಕ್ಕೆ ಇಳಿದರು. 1977ರಲ್ಲಿ ಫುಟ್‌ಬಾಲ್ ಲೀಗಿಗೆ ಸೇರಿದರು. 1986ರಲ್ಲಿ ಅತ್ಯುನ್ನತ ದರ್ಜೆ. 1988ರಲ್ಲಿ ಪ್ರಬಲ ಲಿವರ್‌ಪೂಲ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಎಫ್.ಎ. ಕಪ್ ಸಹ ಕೈಗೆ ಬಂತು.

ಇಲ್ಲಿಯವರೆಗೆ ಏಳಿಗೆಯ ಕಥೆ. ಆದರೆ ಸಂಘ ಬೆಳೆದ ಹಾಗೆ ಅದು ಮಾಲೀಕರ ಸ್ವತ್ತಾಗಿತ್ತು. ಪ್ರೇಕ್ಷಕರ ಸುರಕ್ಷತೆಗೆ ಹೊಸ ನಿಯಮಗಳು ಬಂದಾಗ ಹಳೆಯ ಮೈದಾನ ಅದಕ್ಕೆ ಹೊಂದಲಿಲ್ಲ. 1991ರಲ್ಲಿ ಅದನ್ನು ಬಿಟ್ಟು ಬೇರೊಂದು ಸಂಘದ ಮೈದಾನದಲ್ಲಿ ಬಾಡಿಗೆಗೆ ಆಡಬೇಕಾಯಿತು. ಮುಂದೆ ಮೈದಾನವೇ ಮಾರಾಟವಾಯಿತು. ಜಮೀನು ಕಳೆದುಕೊಂಡ ಒಕ್ಕಲಿನ ಸ್ಥಿತಿ ನಿಮಗೆ ನಾನು ವಿವರಿಸಬೇಕಾಗಿಲ್ಲ. ಕೊನೆಗೆ ಮಾಲೀಕರು ತಂಡವನ್ನೇ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಒಯ್ಯಲು ಹೊರಟರು. 28 ಮೇ 2002ರಂದು ವಿಚಾರಣಾ ಸಮಿತಿಯು ಇದಕ್ಕೆ ಒಪ್ಪಿಗೆ ಕೊಟ್ಟಿತು. ಊರಿನವರು ಕೆಳಗಿನಿಂದ ಹೊಸ ಸಂಘ ಕಟ್ಟುವುದು ಆಟದ ಹಿತಕ್ಕೆ ಒದಗದೆಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿತ್ತು!

ಊರಿನವರು ಮಾಡಿದ್ದು ಅದನ್ನೇ. ಎ.ಎಫ್.ಸಿ. ವಿಂಬಲ್ಡನ್ ಎಂದು ಹೊಸ ಸಂಘ ಕಟ್ಟಿದರು. ಜೂನ್ 29ರಂದು, 1889ರಲ್ಲಿ ಆಡಿದ್ದ ಅದೇ ಬಯಲಿನಲ್ಲಿ, ಆಟಗಾರರ ಆಯ್ಕೆಗೆ ಕರೆ ಕೊಟ್ಟರು. ಸುಮಾರು 230 ಜನ ಬಂದರು. ಹನ್ನೊಂದು ದಿನಗಳ ಮೇಲೆ ಮೊದಲ ಪಂದ್ಯ. ಎದುರಾಳಿ ಹಿಂದಿನ ಅದೇ ಸಟನ್ ಯುನೈಟೆಡ್. ನಾಲ್ಕು ಗೋಲುಗಳ ಸೋಲು. ಆದರೂ ನೋಡಲು ಬಂದವರು 4,657 ಜನ.

ಈಗ ಗಮನಿಸಬೇಕಾದ ಅಂಶ ಬರುತ್ತದೆ. ಈ ಸಲ ಒಡೆತನವನ್ನು ಬೆಂಬಲಿಗರ ಟ್ರಸ್ಟಿನಲ್ಲಿ ಇಟ್ಟರು. ಸದಸ್ಯನೊಬ್ಬನಿಗೆ ಒಂದೇ ಮತ. ಹೆಚ್ಚು ಹಣ ಹಾಕಿದವನಿಗೂ ಅಷ್ಟೇ. ನಮ್ಮ ಸಹಕಾರ ಸಂಘದ ತತ್ವವೂ ಇದೇ ಅಲ್ಲವೇ?

ಇಂಗ್ಲೆಂಡಿನ ಆಟದಲ್ಲಿ ದರ್ಜೆಗಳು ಏಣಿಯ ಮೆಟ್ಟಿಲಿನಂತಿವೆ. ವರ್ಷದ ಕೊನೆಗೆ ಗೆದ್ದವರು ಮೇಲೇರುತ್ತಾರೆ, ಹಿಂದುಳಿದವರು ಇಳಿಯುತ್ತಾರೆ. ಹೊಸ ಸಂಘಕ್ಕೆ ತೀರ ಕೆಳಗಿನ ಮೆಟ್ಟಿಲುಗಳಲ್ಲೊಂದು ಸಿಕ್ಕಿತು. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಲೀಗಿನ 78 ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲ. 2004, 2005ರಲ್ಲಿ ಮೇಲೇರಿದರು.

ಆಮೇಲೆ ಮುಗ್ಗರಿಸಿದರು; ಕಾರಣ ಆಟವಲ್ಲ, ಕಾಗದ. ವೇಲ್ಸಿನ ಸಂಘದಲ್ಲಿದ್ದ ಆಟಗಾರನೊಬ್ಬನನ್ನು ತೆಗೆದುಕೊಂಡಾಗ, ಆಟದ ಲೆಕ್ಕಕ್ಕೆ ವೇಲ್ಸ್ ಬೇರೆ ದೇಶವಾದ್ದರಿಂದ, ಒಂದು ಅನುಮತಿ ಪತ್ರ ತರಿಸಬೇಕಿತ್ತು. ಅದನ್ನು ತರಿಸಿರಲಿಲ್ಲ. 2007ರಲ್ಲಿ 18 ಅಂಕಗಳನ್ನು ಕಡಿದರು. ಒಂದು ಗೆಲುವಿಗೆ 3 ಅಂಕ. ಆರು ಗೆಲುವು ನೀರು ಪಾಲಾದಂತೆ. ಮೇಲ್ಮನವಿಯಲ್ಲಿ ಕಡಿತವು 3 ಅಂಕಕ್ಕೆ ಇಳಿಯಿತು. ಆ ವರ್ಷ ಮೇಲೇರಲಾಗಲಿಲ್ಲ. ಸಂಘಗಳ ಕಾರ್ಯದರ್ಶಿಗಳು ಈ ಭಾಗವನ್ನು ಇನ್ನೊಮ್ಮೆ ಓದಬೇಕೆಂದು ನನ್ನ ವಿನಂತಿ. ನಡವಳಿ ಪುಸ್ತಕ ಕೇಳಿದರೆ "ಮನೆಯಲ್ಲಿದೆ, ನಾಳೆ ತರುತ್ತೇನೆ" ಎಂಬ ಉತ್ತರ ನನಗೆ ಬಹಳ ಸಲ ಸಿಕ್ಕಿದೆ.

2008, 2009ರಲ್ಲಿ ಮತ್ತೆರಡು ಮೆಟ್ಟಿಲು. 21 ಮೇ 2011ರಂದು ಮ್ಯಾಂಚೆಸ್ಟರಿನಲ್ಲಿ ಲೂಟನ್ ತಂಡದೊಡನೆ ಕೊನೆಯ ಪಂದ್ಯ. ಯಾರೂ ಗೋಲು ಹೊಡೆಯಲಿಲ್ಲ. ಪೆನಾಲ್ಟಿ ಒದೆತಗಳಲ್ಲಿ 4-3ರಿಂದ ಗೆದ್ದು ಫುಟ್‌ಬಾಲ್ ಲೀಗಿಗೆ ಮರಳಿದರು. ಒಂಬತ್ತು ವರ್ಷ, ಐದು ಮೆಟ್ಟಿಲು. ಹಳೆಯ ಸಂಘಕ್ಕೆ ಅದೇ ಜಾಗ ಸೇರಲು ಎಂಬತ್ತೆಂಟು ವರ್ಷ ಹಿಡಿದಿತ್ತು.

ಮೈದಾನದ ಕೊರತೆ ಉಳಿದಿತ್ತು. ಹಳೆಯ ಜಾಗದಲ್ಲಿ ಮನೆಗಳೆದ್ದಿದ್ದವು. ಅಲ್ಲಿಂದ ಕೂಗಳತೆ ದೂರದಲ್ಲಿ, ಅದೇ ನೇಗಿಲ ಓಣಿಯಲ್ಲಿ, ಹೊಸ ಜಾಗ ಸಿಕ್ಕಿ ಕಟ್ಟಡ ಆರಂಭವಾಯಿತು. ನಡುವೆ ಹಣ ಸಾಲದಾಯಿತು. ಹೊರಗಿನ ಧನಿಕರಿಗೆ ಪಾಲು ಮಾರಿದ್ದರೆ ಬೇಗ ಮುಗಿಯುತ್ತಿತ್ತು. ಒಮ್ಮೆ ಕೈಸುಟ್ಟುಕೊಂಡ ಬೆಂಬಲಿಗರು 2020ರಲ್ಲಿ ತಾವೇ ಸಂಘಕ್ಕೆ ಸಾಲಪತ್ರಗಳ ಮೂಲಕ ಸಾಲ ಕೊಟ್ಟರು; 50 ಲಕ್ಷ ಪೌಂಡಿಗಿಂತ ಹೆಚ್ಚು ಕೂಡಿತು.

ಅದೇ ವರ್ಷ ನವೆಂಬರ್ 3ರಂದು ಹೊಸ ಮೈದಾನದ ಮೊದಲ ಪಂದ್ಯ ಸಮಸಮವಾಯಿತು. ಕೊರೋನಾ ಕಾಲವಾದ್ದರಿಂದ ಜನರನ್ನು ಒಳಗೆ ಬಿಡಲಿಲ್ಲ. ಹಣ ಹಾಕಿ ಕಟ್ಟಿಸಿದವರು, ಇಪ್ಪತ್ತೊಂಬತ್ತು ವರ್ಷ ಕಾದವರು, ಆ ಆಟವನ್ನು ತಮ್ಮ ತಮ್ಮ ಮನೆಯಲ್ಲೇ ಕುಳಿತು ನೋಡಬೇಕಾಯಿತು.