ನಡುದಾರಿಯ ಬೆಟ್ಟದೂರು

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟ ಬಸ್ಸು ಸುಮಾರು ನಲವತ್ತು ಕಿಲೋಮೀಟರು ಸಾಗಿ, ಕಟ್ಟಿಸಂಗಾವಿಯ ಬಳಿ ಭೀಮಾನದಿಯ ಸೇತುವೆಯನ್ನು ದಾಟಿ ಜೇವರ್ಗಿಯನ್ನು ಸೇರುತ್ತದೆ. ಜೇವರ್ಗಿ ಕವಲುದಾರಿಗಳ ಊರು. ಪಶ್ಚಿಮಕ್ಕೆ ಹೊರಳಿದರೆ ಸಿಂದಗಿ, ವಿಜಯಪುರ. ದಕ್ಷಿಣಕ್ಕೆ ಮುಂದುವರಿದರೆ ಶಹಾಪುರ, ಸುರಪುರ, ಲಿಂಗಸುಗೂರು. ಈ ದಕ್ಷಿಣದ ದಾರಿ ಈಗ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಅದು ಜೇವರ್ಗಿಯಲ್ಲಿ ಆರಂಭವಾಗಿ, ಬಳ್ಳಾರಿ, ಹಿರಿಯೂರು, ಮೈಸೂರುಗಳನ್ನು ಹಾದು ಚಾಮರಾಜನಗರದಲ್ಲಿ ಕೊನೆಗೊಳ್ಳುತ್ತದೆ. ಕರ್ನಾಟಕವನ್ನು ಉದ್ದಕ್ಕೆ ಅಳೆಯುವ ಈ ದಾರಿಯ ಒಂದು ತುದಿ ತೊಗರಿಯ ಹೊಲಗಳಲ್ಲಿ, ಇನ್ನೊಂದು ತುದಿ ಕಾಡಿನಂಚಿನಲ್ಲಿ.

ಈ ದಾರಿಯಲ್ಲಿ ದೂರ ಪ್ರಯಾಣ ಮಾಡುವವರು ಬಹಳ. ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟ ಸಂಸಾರಗಳು, ಓದಲು ಹೊರಟ ತರುಣರು, ಮಗಳ ಮನೆಗೆ ಹೊರಟ ಮುದುಕಿಯರು. ಒಬ್ಬೊಬ್ಬರ ಕೈಯಲ್ಲೂ ಒಂದು ಗಂಟು, ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಬಸ್ಸುಗಳು ಸಂಜೆ ಹೊರಡುತ್ತವೆ. ಸುರಪುರದ ಸೀಮೆಯನ್ನು ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಇಂಥವರ ಪಾಲಿಗೆ ಸುರಪುರವೆಂದರೆ ತೂಕಡಿಕೆಯ ನಡುವೆ ಕೇಳಿಸುವ ನಿರ್ವಾಹಕನ ಒಂದು ಕೂಗು, ಕಿಟಕಿಯಲ್ಲಿ ಮಿನುಗಿ ಮರೆಯಾಗುವ ಕೆಲವು ದೀಪಗಳು. ಹಗಲಿನ ಬಸ್ಸಿನಲ್ಲಿ ಬಂದು, ಮುಂದಿನ ಬಸ್ಸಿಗಾಗಿ ಎರಡು ಮೂರು ತಾಸು ಕಾಯಬೇಕಾಗಿ ಬಂದವನೇ ಭಾಗ್ಯವಂತ.

ಕಾಯುವುದು ಹಿಂದಿನವರಿಗೆ ಹೊಸದಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ಭೀಮೆಯನ್ನೂ ಕೃಷ್ಣೆಯನ್ನೂ ಹರಿಗೋಲಿನಲ್ಲಿ ದಾಟಬೇಕಿತ್ತು. ಹೊಳೆ ತುಂಬಿದರೆ ದಂಡೆಯ ಊರಿನಲ್ಲಿಯೇ ವಸತಿ. ಎತ್ತಿನ ಗಾಡಿಯವರು ಹೊತ್ತು ಮುಳುಗಿದಲ್ಲಿ ಇಳಿಯುತ್ತಿದ್ದರು. ಆ ಊರಿನ ಬಾವಿಯ ನೀರು, ಗುಡಿಯ ಕಟ್ಟೆ, ಚಾವಡಿಯ ಮಾತು ಇವೆಲ್ಲ ಪ್ರಯಾಣದ ಅಂಗಗಳೇ ಆಗಿದ್ದವು. 1932ರಲ್ಲಿ ಹೈದರಾಬಾದು ಸಂಸ್ಥಾನದ ರೈಲ್ವೆ ಇಲಾಖೆಯು 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿತು. 1956ರ ಏಕೀಕರಣದ ಬಳಿಕ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು; ಈಗ ಇಲ್ಲಿ ಓಡುವುವು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು. ವೇಗ ಹೆಚ್ಚಿದಷ್ಟೂ ನಡುವಿನ ಊರುಗಳು ಸಣ್ಣವಾದವು.

ಜೇವರ್ಗಿಯಿಂದ ಮುಂದೆ ಕಣ್ಣು ತೆರೆದು ಕುಳಿತವನಿಗೆ ನೆಲ ಬದಲಾಗುವುದು ಕಾಣುತ್ತದೆ. ಮೊದಲು ಮಟ್ಟಸವಾದ ಎರೆಹೊಲ. ಅದರ ಅಡಿಯಲ್ಲಿ ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರ. ಮನೆಗಳ ನೆಲಕ್ಕೆ ಹಾಸುವ, ಊರೂರಿಗೆ ಲಾರಿಯಲ್ಲಿ ಹೋಗುವ ಫರಸಿಕಲ್ಲು ಇದೇ ಜಾತಿಯದು. ಶಹಾಪುರ ಹತ್ತಿರವಾದಂತೆ ಮಟ್ಟಸ ನೆಲ ಮುಗಿದು, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು ಏಳತೊಡಗುತ್ತವೆ. ಇವು ಕಗ್ಗಲ್ಲಿನ ಗುಡ್ಡಗಳು. ದಖ್ಖನಿನ ಅತ್ಯಂತ ಹಳೆಯ ಶಿಲೆಗಳ ಸಾಲಿಗೆ ಸೇರಿದವು. ಶಹಾಪುರದ ಗುಡ್ಡಗಳ ಸಾಲನ್ನು ದೂರದಿಂದ ನೋಡಿದರೆ ಮನುಷ್ಯನೊಬ್ಬ ಅಂಗಾತ ಮಲಗಿದಂತೆ ತೋರುವುದು. ಜನ ಅದನ್ನು ಬುದ್ಧ ಮಲಗಿದ ಬೆಟ್ಟ ಎನ್ನುತ್ತಾರೆ. ಬಸ್ಸು ಹತ್ತಿಗೂಡೂರಿಗೆ ಬಂದಾಗ ದೇವದುರ್ಗ, ರಾಯಚೂರುಗಳ ದಾರಿ ಬೇರೆಯಾಗುತ್ತದೆ. ಅಲ್ಲಿಂದ ಮುಂದೆ ಸುರಪುರ ದೂರವಿಲ್ಲ.

ಬೆಟ್ಟದೂರು ಎಂದೊಡನೆ ಮಡಿಕೇರಿಯ ಮಂಜನ್ನು ನೆನೆಯುವವರು ಇಲ್ಲಿ ನಿರಾಶರಾಗಬಹುದು. ಸುರಪುರದ ಗುಡ್ಡಗಳು ಬಹು ಎತ್ತರದವಲ್ಲ; ಬೇಸಿಗೆಯಲ್ಲಿ ಅವುಗಳ ಬಂಡೆ ಕಾದ ಹಂಚಿನಂತೆ ಸುಡುತ್ತದೆ. ಆದರೆ ನಾಲ್ಕು ದಿಕ್ಕಿಗೂ ಬಯಲೇ ಬಯಲಾದ ನಾಡಿನಲ್ಲಿ ಬೆಟ್ಟದ ಹಿರಿಮೆ ಅದರ ಅಳತೆಯಲ್ಲಿಲ್ಲ. ಊರು ಗುಡ್ಡಗಳ ಬೊಗಸೆಯಲ್ಲಿ ಕುಳಿತಿದೆ. ಓಣಿಗಳು ಏರುತ್ತವೆ, ಇಳಿಯುತ್ತವೆ. ಒಂದು ಮನೆಯ ಅಂಗಳದ ಮಟ್ಟಕ್ಕೆ ಇನ್ನೊಂದು ಮನೆಯ ಮಾಳಿಗೆ. ಪಕ್ಕದಲ್ಲಿಯೇ ನೇಕಾರರ ರಂಗಂಪೇಟೆ. ಊರೊಳಗೆ ನಾಯಕ ಅರಸರ ಅರಮನೆ, ವೇಣುಗೋಪಾಲಸ್ವಾಮಿಯ ಗುಡಿ. ಈ ಗುಡಿಯ ಜಾತ್ರೆಯಲ್ಲಿ ನುಣುಪಾದ ಎತ್ತರದ ಕಂಬವನ್ನು ತರುಣರು ಜಾರುತ್ತ ಏರುವುದನ್ನು ನೋಡಲು ಸುತ್ತಲಿನ ಹಳ್ಳಿಗಳೇ ನೆರೆಯುತ್ತವೆ.

ನಿಲ್ದಾಣದಲ್ಲಿ “ಇನ್ನ ಎರಡ ತಾಸ ಅದರಿ ಬಸ್ಸಿಗೆ, ಚಾ ಕುಡ್ದು ಬರ್ರಿ” ಎಂಬ ಉತ್ತರ ಪಡೆದ ಪ್ರಯಾಣಿಕನು ಚಹಾದ ಬಳಿಕವೂ ಉಳಿಯುವ ಹೊತ್ತಿನಲ್ಲಿ ಗುಡ್ಡವನ್ನು ಏರಬಹುದು. ಗುಡ್ಡದ ಮೇಲೆ ಒಂದು ಹಳೆಯ ಬಂಗಲೆ ಇದೆ. ಊರವರು ಅದನ್ನು ಟೇಲರ್ ಮಂಜಿಲ್ ಎನ್ನುತ್ತಾರೆ. ಅಲ್ಲಿ ನಿಂತರೆ ಕೆಳಗೆ ಇಡೀ ಊರು. ಅದರಾಚೆ ಕೃಷ್ಣಾ ಭೀಮೆಯರ ನಡುವಣ ಬಯಲು.

ಸುರಪುರದ ನಾಯಕರ ಮೊದಲಿನ ನೆಲೆ ಹತ್ತಿರದ ವಾಗಣಗೇರಾ. 1705ರಲ್ಲಿ ಮೊಗಲ್ ಚಕ್ರವರ್ತಿ ಔರಂಗಜೇಬನು ತಾನೇ ಮುಂದಾಗಿ ಆ ಕೋಟೆಯನ್ನು ಮುತ್ತಿದನು. ಎಂಬತ್ತು ಮೀರಿದ ಚಕ್ರವರ್ತಿಗೂ ಬೇಡರ ಪಿಡ್ಡನಾಯಕನಿಗೂ ತಿಂಗಳುಗಟ್ಟಲೆ ಕಾದಾಟ ನಡೆಯಿತು. ಕೊನೆಗೆ ಕೋಟೆ ಬಿದ್ದರೂ ನಾಯಕನು ಕೈಗೆ ಸಿಗಲಿಲ್ಲ. ಔರಂಗಜೇಬನು ತಾನಾಗಿ ನಡೆಸಿದ ಕೊನೆಯ ಮುತ್ತಿಗೆ ಅದು. ಎರಡು ವರ್ಷಗಳಲ್ಲಿ ಅವನು ಅಹಮದನಗರದಲ್ಲಿ ತೀರಿಕೊಂಡನು. ದೊಡ್ಡ ಸಾಮ್ರಾಜ್ಯಗಳ ಚರಿತ್ರೆಯಲ್ಲಿ ಒಂದೆರಡು ಸಾಲು ಪಡೆಯುವ ಈ ಕದನವೇ ಸುರಪುರದ ಹುಟ್ಟಿಗೆ ಕಾರಣ. ವಾಗಣಗೇರಾ ಕೈತಪ್ಪಿದ ಮೇಲೆ ನಾಯಕರು ಈ ಗುಡ್ಡಗಳ ಮರೆಯಲ್ಲಿ ಹೊಸ ರಾಜಧಾನಿಯನ್ನು ಕಟ್ಟಿದರು.

ಬಂಗಲೆಯ ಕಥೆ ಬೇರೆ. ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹದಿನೈದರ ಹುಡುಗನಾಗಿ, ಎಂದರೆ ಒಂಬತ್ತು ಹತ್ತನೆಯ ತರಗತಿಯ ವಯಸ್ಸಿನಲ್ಲಿ, ಅವನು ಒಬ್ಬನೇ ಹಡಗು ಹತ್ತಿ 1824ರಲ್ಲಿ ಮುಂಬಯಿಗೆ ಬಂದನು. ನಿಜಾಮನ ಸೇನೆ ಸೇರಿದನು. ಇಲ್ಲಿಯ ಭಾಷೆಗಳನ್ನು ಕಲಿತನು. ಮೋಜಣಿ, ಕಟ್ಟಡವಿದ್ಯೆ, ಕಾನೂನುಗಳನ್ನು ಶಾಲೆಯ ನೆರವಿಲ್ಲದೆ ಅಭ್ಯಾಸ ಮಾಡಿದನು. ಠಕ್ಕರ ವಿಷಯವಾಗಿ 1839ರಲ್ಲಿ ಅವನು ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಬಹು ಜನಪ್ರಿಯವಾಯಿತು. 1841ರಲ್ಲಿ ಅವನನ್ನು ಸುರಪುರಕ್ಕೆ ಕಳುಹಿಸಿದರು. ಆಗ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು, ಅರಸು ತೀರಿಕೊಂಡಿದ್ದನು, ಉತ್ತರಾಧಿಕಾರಿ ವೆಂಕಟಪ್ಪನಾಯಕ ಇನ್ನೂ ಏಳೆಂಟು ವರ್ಷದ ಬಾಲಕ. ರಾಣಿ ಈಶ್ವರಮ್ಮನಿಗೂ ಟೇಲರನಿಗೂ ನಡುವೆ ಜಗ್ಗಾಟ ತಪ್ಪಲಿಲ್ಲ. ಅವನು ಬಂದದ್ದು ಕಂಪನಿಯ ಹಿತವನ್ನು ಕಾಯುವುದಕ್ಕೆ ಎಂಬುದನ್ನು ರಾಣಿ ಮರೆಯಲಿಲ್ಲ. ಅದು ಸಹಜವೇ.

ಬಾಲಕನ ಮಾತು ಬೇರೆಯಾಗಿತ್ತು. ಅವನು ಟೇಲರನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. ಟೇಲರನು ಸುಮಾರು ಹನ್ನೆರಡು ವರ್ಷ ಇಲ್ಲಿದ್ದನು. ಸಂಸ್ಥಾನದ ಸಾಲವನ್ನು ಇಳಿಸಿದನು, ದಾರಿಗಳನ್ನು ಮಾಡಿಸಿದನು, ಬೋನಾಳದ ದೊಡ್ಡ ಕೆರೆಯನ್ನು ದುರಸ್ತಿಗೊಳಿಸಿದನು. ಆ ಕೆರೆ ಇಂದು ಪಕ್ಷಿಧಾಮವಾಗಿ ಸುತ್ತಲೂ ಹೆಸರಾಗಿದೆ. 1853ರಲ್ಲಿ ಅಧಿಕಾರವನ್ನು ತರುಣ ಅರಸನಿಗೆ ಒಪ್ಪಿಸಿ ಅವನು ಬೇರೆ ಕೆಲಸಕ್ಕೆ ಹೊರಟುಹೋದನು.

ನಾಲ್ಕು ವರ್ಷಗಳಲ್ಲಿ ದೇಶದಲ್ಲಿ 1857ರ ಸಂಗ್ರಾಮದ ಕಿಡಿ ಹಾರಿತು. ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ನಿಂತನು. 1858ರ ಫೆಬ್ರವರಿಯಲ್ಲಿ ಇಂಗ್ಲಿಷ್ ಪಡೆಗಳು ಸುರಪುರವನ್ನು ಸುತ್ತಿದವು. ಕಾದಾಟದಲ್ಲಿ ನ್ಯೂಬೆರಿ ಎಂಬ ಅಧಿಕಾರಿ ಹತನಾದನು. ಎಲ್ಲ ಕಡೆಯಿಂದಲೂ ದಂಡು ಏರಿಬಂದಾಗ ಅರಸನು ಊರು ಬಿಟ್ಟು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಸಿಕ್ಕಿದನು. ಸೆರೆಮನೆಯಲ್ಲಿ ಅವನನ್ನು ಕಾಣಲು ಬಂದವನು ಟೇಲರ್. ಆ ಭೇಟಿಯನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ವಿವರಿಸಿದ್ದಾನೆ. ಅವನು ಸತ್ತ ಮರುವರ್ಷ, 1877ರಲ್ಲಿ ಅದು ಅಚ್ಚಾಯಿತು. ತನ್ನನ್ನು ಪ್ರೇರಿಸಿದವರ ಹೆಸರನ್ನು ಹೇಳಿದರೆ ದಯೆ ದೊರಕೀತೆಂಬ ಸೂಚನೆ ಬಂದಾಗ ತರುಣನು ಒಪ್ಪಲಿಲ್ಲ. ಸಾವೇ ಗತಿಯಾದರೆ ಕಳ್ಳನಂತೆ ನೇಣಿಗೆ ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂಬುದೊಂದೇ ಅವನ ಬೇಡಿಕೆ. ಕೊನೆಗೆ ಮರಣದಂಡನೆಯನ್ನು ಇಳಿಸಿ, ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆ ಎಂದು ಮಾಡಿದರು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಹೈದರಾಬಾದಿನ ಬಳಿಯೇ, 1858ರ ಮೇ ತಿಂಗಳಲ್ಲಿ ಅವನು ಗುಂಡೇಟಿನಿಂದ ಅಸುನೀಗಿದನು. ತಾನೇ ಹಾರಿಸಿಕೊಂಡನೆಂದು ಸರ್ಕಾರಿ ಕಡತ ಹೇಳಿತು. ಸುರಪುರದ ಜನ ಅದನ್ನು ಇಂದಿಗೂ ಪೂರ್ತಿ ನಂಬುವುದಿಲ್ಲ. ಅವನಿಗೆ ಆಗ ಸುಮಾರು ಇಪ್ಪತ್ತನಾಲ್ಕು ವರ್ಷ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಉಡುಗೊರೆಯಂತೆ ಒಪ್ಪಿಸಿಬಿಟ್ಟರು. ಸಂಸ್ಥಾನ ಅಲ್ಲಿಗೆ ಮುಗಿಯಿತು.

ಬಂಗಲೆಯ ಮುಂದೆ ನಿಂತವನಿಗೆ ಅರಮನೆಯೂ ಅದೇ ನೋಟದಲ್ಲಿ ಕಾಣುತ್ತದೆ. ಅಪ್ಪನೆನಿಸಿಕೊಂಡವನು ವಾಸಿಸಿದ್ದು ಇಲ್ಲಿ. ಮಗನೆನಿಸಿಕೊಂಡವನು ಬೆಳೆದದ್ದು ಅಲ್ಲಿ. ಪ್ರೀತಿ ಸುಳ್ಳಾಗಿರಲಿಲ್ಲ. ಆದರೆ ಆ ಪ್ರೀತಿಗೆ ಕಂಪನಿಯ ಆಳ್ವಿಕೆಯ ಬೇಲಿಯನ್ನು ದಾಟುವ ಶಕ್ತಿಯಿರಲಿಲ್ಲ. ತರುಣ ಅರಸನು ಬೇಲಿಯ ಈಚೆ ನಿಲ್ಲುವುದನ್ನೇ ಆರಿಸಿಕೊಂಡನು.

ಟೇಲರನ ಇನ್ನೊಂದು ಕೆಲಸವನ್ನು ಜೇವರ್ಗಿಯ ಕಡೆಯವರು ವಿಶೇಷವಾಗಿ ತಿಳಿಯಬೇಕು. ಈ ಸೀಮೆಯ ಹೊಲಗಳಲ್ಲಿ ಅಲ್ಲಲ್ಲಿ ದುಂಡಾಗಿ ಜೋಡಿಸಿದ ದೊಡ್ಡ ಕಲ್ಲುಗಳ ನಡುವೆ ಕಲ್ಲುಗುಪ್ಪೆಗಳು ಇದ್ದವು. ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಹಳ್ಳಿಗರು ಅವನ್ನು ಮೋರ್ಯರ ಮನೆ ಎನ್ನುತ್ತಿದ್ದರು; ಮೊಳದಷ್ಟು ಎತ್ತರದ ಜನರು ಅಲ್ಲಿ ವಾಸಿಸಿದ್ದರೆಂದು ಕಥೆ. ಟೇಲರನು ಕಥೆಯನ್ನು ಕೇಳಿ ನಕ್ಕು ಸುಮ್ಮನಾಗಲಿಲ್ಲ. ಕಲ್ಲುಗಳನ್ನು ಅಳೆದನು, ಚಿತ್ರ ಬರೆದನು. ಭೀಮೆಯ ದಂಡೆಯ ಫಿರೋಜಾಬಾದಿಗೆ ಸಮೀಪವಾದ ಜೇವರ್ಗಿಯಲ್ಲಿ ಅಂಥ ಗುಪ್ಪೆಗಳನ್ನು ಅಗೆಸಿ ನೋಡಿದನು. ಒಳಗೆ ಮನುಷ್ಯರ ಎಲುಬುಗಳೂ ಮಣ್ಣಿನ ಪಾತ್ರೆಗಳೂ ದೊರೆತವು. ಅವು ಕಬ್ಬಿಣ ಯುಗದ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರ ಸಮಾಧಿಗಳು. 1850ರ ದಶಕದಲ್ಲಿ ಮುಂಬಯಿಯ ವಿದ್ವತ್ಪತ್ರಿಕೆಯೊಂದರಲ್ಲಿ ಅವನು ಇದನ್ನು ಪ್ರಕಟಿಸಿದನು. ಜೇವರ್ಗಿಯ ಹೆಸರು ಪುರಾತತ್ತ್ವ ಶಾಸ್ತ್ರದೊಳಗೆ ಬಂದುದು ಹೀಗೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ನೂರಾರು ಗುಂಡುಕಲ್ಲುಗಳನ್ನೂ ಅವನು ಗಮನಿಸಿದ್ದನು. ಆ ಸಾಲುಗಳಿಗೂ ಸೂರ್ಯನ ಚಲನೆಗೂ ಸಂಬಂಧವಿದೆಯೇ ಎಂದು ನಮ್ಮ ಕಾಲದ ಖಗೋಳ ವಿಜ್ಞಾನಿಗಳು ಪರಿಶೀಲಿಸಿದ್ದಾರೆ.

ಕಲ್ಲುಗುಪ್ಪೆ ಉಳುವವನಿಗೆ ಅಡ್ಡಿ. ಮನೆ ಕಟ್ಟುವವನಿಗೆ ಬಿಟ್ಟಿ ಕಲ್ಲು. ಟೇಲರನು ಕಂಡಷ್ಟು ಗುಪ್ಪೆಗಳು ಇಂದಿನವನ ಕಣ್ಣಿಗೆ ಬೀಳುವುದಿಲ್ಲ. ಇರುವಲ್ಲಿಯೂ ಅವು ಏನೆಂದು ಕೇಳಿದರೆ ಉತ್ತರ ಕೊಡಬಲ್ಲವರು ವಿರಳ. ಹೊರಗಿನಿಂದ ಬಂದ ಒಬ್ಬ ಅಧಿಕಾರಿ ಬಿಡುವಿನ ವೇಳೆಯಲ್ಲಿ ನಡೆದು ನೋಡಿದ ಹೊಲಗಳು ಇವು. ಆ ಹೊಲಗಳ ಮಕ್ಕಳು ಗಂಟು ಹೊತ್ತು ಅವುಗಳ ಪಕ್ಕದಲ್ಲಿಯೇ ನಿದ್ದೆಯಲ್ಲಿ ಸಾಗುತ್ತಾರೆ. ಹೊಟ್ಟೆಯ ಪಾಡಿಗೆ ಹೊರಟವರನ್ನು ಇದಕ್ಕಾಗಿ ಹಳಿಯುವಂತಿಲ್ಲ. ಊರ ಬಳಿಯಲ್ಲಿಯೇ ದುಡಿಮೆಯಿದ್ದಿದ್ದರೆ ರಾತ್ರಿಯ ಬಸ್ಸು ಅಷ್ಟು ತುಂಬುತ್ತಿರಲಿಲ್ಲ.

ಸುರಪುರದಿಂದ ಪಶ್ಚಿಮಕ್ಕೆ ಹುಣಸಗಿಯ ಕಣಿವೆ. ಅಲ್ಲಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ಶೋಧಿಸಿದ ಆದಿಮಾನವನ ಕಲ್ಲಿನ ಆಯುಧಗಳ ನೆಲೆ ಹತ್ತು ಲಕ್ಷ ವರ್ಷಗಳಿಗೂ ಹಳೆಯದೆಂದು ಎಣಿಸಲಾಗಿದೆ. ನೇಕಾರ ವಚನಕಾರ ದೇವರ ದಾಸಿಮಯ್ಯನ ಮುದನೂರು ಇರುವುದೂ ಈ ಸೀಮೆಯಲ್ಲಿಯೇ. ಅವಕ್ಕೆಲ್ಲ ಎರಡು ತಾಸು ಸಾಲದು. ಒಂದು ರಾತ್ರಿ ತಂಗಬೇಕು.

ಇಳಿಹೊತ್ತಿಗೆ ಗುಡ್ಡದಿಂದ ಇಳಿದು ಬಂದರೆ ಲಿಂಗಸುಗೂರಿನ ಬಸ್ಸು ನಿಂತಿರುತ್ತದೆ. ಊರು ಬಿಟ್ಟು ಸ್ವಲ್ಪ ಹೊತ್ತಿನಲ್ಲಿ ಕಗ್ಗಲ್ಲಿನ ಗುಡ್ಡಗಳು ಹಿಂದೆ ಸರಿದು ತಿಂಥಣಿ ಬರುತ್ತದೆ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಮೌನೇಶ್ವರನ ಗುಡಿ ಅಲ್ಲಿಯದು. ಬಸ್ಸಿನೊಳಗಿನ ಮುದುಕರು ಕುಳಿತಲ್ಲಿಯೇ ಕೈಮುಗಿಯುತ್ತಾರೆ. ಕೆಲವರು ಕಿಟಕಿಯಿಂದ ಕೃಷ್ಣೆಗೆ ಒಂದು ನಾಣ್ಯವನ್ನು ಎಸೆಯುತ್ತಾರೆ. ಸೇತುವೆಯ ಆಚೆಗೆ ರಾಯಚೂರು ಜಿಲ್ಲೆ.