ಕಾರ್ಬನ್ ಕ್ರೆಡಿಟ್: ಕಾಡಿಗೆ ಎಷ್ಟು, ಕಾಗದಕ್ಕೆ ಎಷ್ಟು?

ಪೇಟೆಯ ಧಾರಣೆಗೂ ಕಾಡಿಗೂ ಇರುವ ನಂಟು ಮೈಸೂರು ಸೀಮೆಗೆ ಹೊಸದಲ್ಲ. ಬಂಡೀಪುರದ ಅಂಚಿನ ಹಳ್ಳಿಗಳನ್ನು ಕುರಿತು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಎಂ. ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಏರಿದಾಗ ತೋಟಗಳಲ್ಲಿ ಗೊಬ್ಬರಕ್ಕೆ ಬೇಡಿಕೆ ಹೆಚ್ಚಿತು. ಅದುವರೆಗೆ ಊರಿನ ಹೊಲಗಳಿಗೇ ಬಳಕೆಯಾಗುತ್ತಿದ್ದ ಸಗಣಿ ಕಾಫಿ ಸೀಮೆಗೆ ಮಾರಾಟವಾಗತೊಡಗಿತು; ಸಗಣಿಗಾಗಿಯೇ ದನ ಸಾಕುವುದು ಲಾಭದ ಕಸುಬಾಯಿತು; ಆ ದನಗಳು ಮೇಯ್ದದ್ದು ಮಾತ್ರ ಹುಲಿ, ಆನೆ, ಜಿಂಕೆಗಳಿರುವ ಕಾಡಿನಲ್ಲಿ. ಎಲ್ಲಿಯೋ ನಿಗದಿಯಾದ ಬೆಲೆಯೊಂದು ಬಂಡೀಪುರದ ಹುಲ್ಲನ್ನು ಮುಟ್ಟಿತು.

ಬೆಲೆ ಕಾಡನ್ನು ಕೆಡಿಸಬಲ್ಲದಾದರೆ ಉಳಿಸಲೂಬಲ್ಲದೇ ಎಂಬುದೇ ಕಾರ್ಬನ್ ಕ್ರೆಡಿಟ್ ವ್ಯವಸ್ಥೆಯ ಹಿಂದಿರುವ ಪ್ರಶ್ನೆ. ವಾತಾವರಣಕ್ಕೆ ಸೇರಬೇಕಾಗಿದ್ದ ಒಂದು ಟನ್ ಇಂಗಾಲದ ಡೈ ಆಕ್ಸೈಡನ್ನು ತಡೆದುದಕ್ಕೆ, ಅಥವಾ ಸೇರಿದುದನ್ನು ಹೀರಿಕೊಂಡುದಕ್ಕೆ, ದೊರೆಯುವ ಪ್ರಮಾಣಪತ್ರವೇ ಒಂದು ಕ್ರೆಡಿಟ್. ತನ್ನ ಹೊಗೆಯನ್ನು ತಾನೇ ತಗ್ಗಿಸಲಾರದ ಉದ್ದಿಮೆ ಇದನ್ನು ಕೊಳ್ಳುತ್ತದೆ. ಒಣಗಿದ ಮರದ ತೂಕದ ಸುಮಾರು ಅರ್ಧ ಭಾಗ ಇಂಗಾಲವೇ ಆಗಿರುವುದರಿಂದ ಕಾಡು ಈ ವ್ಯಾಪಾರದೊಳಕ್ಕೆ ಬಂದದ್ದು ಸಹಜ.

ಆದರೆ ಆರಂಭದಲ್ಲಿ ಕಾಡಿಗೆ ದೊರೆತ ಸ್ಥಾನ ಅಷ್ಟೇನೂ ದೊಡ್ಡದಲ್ಲ. 1997ರಲ್ಲಿ ರೂಪುಗೊಂಡು 2005ರ ಫೆಬ್ರವರಿ 16ರಂದು ಜಾರಿಗೆ ಬಂದ ಕ್ಯೋಟೋ ಒಪ್ಪಂದದ ‘ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ’ಯಲ್ಲಿ ಬರಡು ನೆಲದಲ್ಲಿ ಹೊಸದಾಗಿ ಮರ ಬೆಳೆಸಿದವರಿಗೆ ಕ್ರೆಡಿಟ್ ಉಂಟು, ಇರುವ ಕಾಡನ್ನು ಕಡಿಯದೆ ಉಳಿಸಿದವರಿಗೆ ಇಲ್ಲ ಎಂಬ ನಿಯಮವಿತ್ತು. ಮರ ಮುಂದೆ ಸುಟ್ಟುಹೋಗಬಹುದು, ಕಡಿಯಲ್ಪಡಬಹುದು ಎಂಬ ಕಾರಣದಿಂದ ಅರಣ್ಯದ ಕ್ರೆಡಿಟ್‌ಗಳಿಗೆ ಅವಧಿಯನ್ನೂ ವಿಧಿಸಲಾಗಿತ್ತು. ಬಹುದೊಡ್ಡ ಗಿರಾಕಿಯಾಗಿದ್ದ ಐರೋಪ್ಯ ಒಕ್ಕೂಟವು ತನ್ನ ಮಾರುಕಟ್ಟೆಯಲ್ಲಿ ಇವನ್ನು ಒಪ್ಪಲೇ ಇಲ್ಲ. ಗಿರಾಕಿಯೇ ಇಲ್ಲದ ಸರಕನ್ನು ಯಾರು ತಾನೇ ತಯಾರಿಸಿಯಾರು?

ಆದುದರಿಂದ ಕರ್ನಾಟಕದಲ್ಲಿ ಕ್ರೆಡಿಟ್ ಹಣ ಮರಗಿಡಗಳ ನೆರವಿಗೆ ಬಂದದ್ದು ಅಡುಗೆಮನೆಯ ದಾರಿಯಿಂದ. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಸೀಮೆಯಲ್ಲಿ ಕೂಲಿ ಸಂಘದ ಸದಸ್ಯ ಕುಟುಂಬಗಳಿಗಾಗಿ ರೂಪಿಸಿದ ಗೋಬರ್ ಗ್ಯಾಸ್ ಯೋಜನೆಯು 2005ರ ಡಿಸೆಂಬರ್‌ನಲ್ಲಿ ಕ್ಯೋಟೋ ವ್ಯವಸ್ಥೆಯಡಿ ನೋಂದಣಿಯಾಯಿತು. ಒಟ್ಟು 5,500 ಸ್ಥಾವರಗಳು, ಒಂದೊಂದೂ 2 ಘನ ಮೀಟರಿನದು. ಸೌದೆ ಮತ್ತು ಸೀಮೆಎಣ್ಣೆಯ ಬದಲಿಗೆ ಗ್ಯಾಸ್ ಉರಿಸುವುದರಿಂದ ಪ್ರತಿ ಮನೆಯೂ ವರ್ಷಕ್ಕೆ ಸುಮಾರು ಮೂರೂವರೆ ಟನ್ ಹೊಗೆಯನ್ನು ತಡೆಯುತ್ತದೆಂದು ಲೆಕ್ಕ ಹಾಕಲಾಯಿತು. ಒಟ್ಟಾರೆ ವರ್ಷಕ್ಕೆ 19,500 ಟನ್ನಿನಷ್ಟು.

ವರ್ತಕರು ಇಲ್ಲಿ ಗಮನಿಸಬೇಕಾದುದು ಲೆಕ್ಕದ ಗಾತ್ರವನ್ನು. ಮೂರೂವರೆ ಕ್ರೆಡಿಟ್ ಹಿಡಿದುಕೊಂಡು ಒಂಟಿ ರೈತ ಯಾವ ಮಾರುಕಟ್ಟೆಗೂ ಹೋಗಲಾರ. ಯೋಜನಾ ವರದಿ, ಸ್ವತಂತ್ರ ತಪಾಸಣೆ, ನೋಂದಣಿ, ವರ್ಷವರ್ಷದ ಪರಿಶೀಲನೆ, ಇವುಗಳ ಖರ್ಚು ಯೋಜನೆ ಚಿಕ್ಕದಿದ್ದರೂ ದೊಡ್ಡದಿದ್ದರೂ ಲಕ್ಷಗಳಲ್ಲೇ ಇರುತ್ತದೆ. ಐದೂವರೆ ಸಾವಿರ ಮನೆಗಳು ಒಂದೇ ಕಟ್ಟಾಗಿ ಬಂದುದರಿಂದಲೇ ಆ ಖರ್ಚು ಹೊರೆಯಾಗಲಿಲ್ಲ. ಸಗಣಿಯೂ ಇಲ್ಲಿ ಊರು ಬಿಟ್ಟು ಹೋಗುವುದಿಲ್ಲ. ಗ್ಯಾಸ್ ತೆಗೆದ ಮೇಲೆ ಉಳಿಯುವ ಬಗ್ಗಡ ಹೊಲಕ್ಕೇ ಗೊಬ್ಬರ. ಬಂಡೀಪುರದ ಕತೆಗೆ ಇದು ಸರಿಯಾದ ಎದುರು ಚಿತ್ರ.

ಇರುವ ಕಾಡನ್ನು ಉಳಿಸಿದ್ದಕ್ಕೂ ಪ್ರತಿಫಲ ಬೇಕೆಂಬ ವಾದ 2007ರ ಬಾಲಿ ಸಮ್ಮೇಳನದ ನಂತರ ಬಲಗೊಂಡು ‘ರೆಡ್ ಪ್ಲಸ್’ ಎಂಬ ಹೆಸರು ಪಡೆಯಿತು. ಭಾರತದಲ್ಲಿ ಇದರ ಹಳೆಯ ಉದಾಹರಣೆ ಮೇಘಾಲಯದ ಖಾಸಿ ಗುಡ್ಡಗಳದು. ಅಲ್ಲಿನ ಗ್ರಾಮ ಸಮುದಾಯಗಳು ಸುಮಾರು 27,000 ಹೆಕ್ಟೇರ್ ಪ್ರದೇಶದಲ್ಲಿ ಕಾಡುಕಿಚ್ಚು ತಡೆ, ಮಿತ ಸೌದೆ ಬಳಕೆ ಮೊದಲಾದ ಕೆಲಸಗಳನ್ನು ಕೈಗೊಂಡು ಸ್ವಯಂಪ್ರೇರಿತ ಮಾರುಕಟ್ಟೆಗೆ ಕ್ರೆಡಿಟ್ ಒದಗಿಸಿದವು.

ಮಾರುಕಟ್ಟೆ ಎಂದ ಮೇಲೆ ಏರಿಳಿತ ತಪ್ಪದು. 2008ರಲ್ಲಿ 20 ಯೂರೋ ದಾಟಿದ್ದ ಕ್ಯೋಟೋ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು. ಬೆಲೆಗಿಂತ ದೊಡ್ಡ ಪೆಟ್ಟು ನಂಬಿಕೆಗೆ ಬಿದ್ದದ್ದು 2023ರಲ್ಲಿ. ಮಳೆಕಾಡುಗಳನ್ನು ಉಳಿಸಿದ ಹೆಸರಿನಲ್ಲಿ ಮಾರಾಟವಾದ ಬಹುಪಾಲು ಕ್ರೆಡಿಟ್‌ಗಳಿಗೆ ವಾಸ್ತವದ ಆಧಾರವಿಲ್ಲವೆಂದು ಬ್ರಿಟನ್ನಿನ ಗಾರ್ಡಿಯನ್ ಹಾಗೂ ಜರ್ಮನಿಯ ದೀ ಝೈಟ್ ಪತ್ರಿಕೆಗಳು ವರದಿ ಮಾಡಿದವು. ದೋಷವಿದ್ದದ್ದು ಆಧಾರರೇಖೆಯಲ್ಲಿ. ಯಾರೂ ಕಡಿಯಲು ಹೊರಡದಿದ್ದ ಕಾಡನ್ನು ಕಡಿತದ ಅಂಚಿನಲ್ಲಿತ್ತೆಂದು ತೋರಿಸಿದರೆ ಉಳಿಸಿದ ಲೆಕ್ಕ ತಾನಾಗಿ ಹಿಗ್ಗುತ್ತದೆ. ಬರಲಾರದ ನಷ್ಟವನ್ನು ತಪ್ಪಿಸಿದೆನೆಂದು ಲಾಭ ಬರೆದುಕೊಂಡಂತೆ. ಇದರೊಡನೆ ಸೋರಿಕೆಯ ಪ್ರಶ್ನೆಯೂ ಇದೆ: ಒಂದು ಹಳ್ಳಿಯಲ್ಲಿ ತಡೆದ ಸೌದೆ ಕಡಿತ ಪಕ್ಕದ ಹಳ್ಳಿಯ ಕಾಡಿಗೆ ಸರಿಯಬಹುದು. ಮೂರನೆಯದು ಶಾಶ್ವತತೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಕಿಚ್ಚು ಕೆಲವೇ ದಿನಗಳಲ್ಲಿ ಸಾವಿರಾರು ಎಕರೆ ಸುಟ್ಟಿತು. ಇಂಥ ಅಪಾಯಕ್ಕಾಗಿ ಪ್ರತಿ ಯೋಜನೆಯ ಕ್ರೆಡಿಟ್‌ಗಳಲ್ಲಿ ಒಂದು ಪಾಲನ್ನು ಮಾರದೆ ಸಾಮಾನ್ಯ ನಿಧಿಯಲ್ಲಿ ಇಡುವ ಪದ್ಧತಿಯಿದೆ. ವರ್ತಕರು ಇದನ್ನು ವಿಮೆಯೆಂದು ತಿಳಿದರೆ ತಪ್ಪಿಲ್ಲ.

ಜೀವವೈವಿಧ್ಯದ ವಿಷಯ ಇನ್ನೂ ತೊಡಕಿನದು, ಏಕೆಂದರೆ ಕ್ರೆಡಿಟ್ ಅಳೆಯುವುದು ಇಂಗಾಲವನ್ನೇ ಹೊರತು ಕಾಡನ್ನಲ್ಲ. ಕಾವೇರಿಯ ಜಲಾನಯನ ಪ್ರದೇಶವಾದ ಕೊಡಗಿನ ಕಾಫಿ ತೋಟಗಳಲ್ಲಿ ಹಲಸು, ಅತ್ತಿ, ಬೀಟೆ, ನಂದಿ ಮೊದಲಾದ ನಾಡಮರಗಳ ನೆರಳು ಕಡಿಮೆಯಾಗಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಹೆಚ್ಚಿತು. ಬೆಳೆಗಾರರನ್ನು ಮಾತ್ರ ದೂರುವಂತಿಲ್ಲ. ಅನೇಕ ಜಮೀನುಗಳಲ್ಲಿ ನಾಡಮರದ ಹಕ್ಕು ಸರ್ಕಾರದ್ದು, ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮಾರಾಟಕ್ಕೆ ತೊಡಕಿಲ್ಲ. ಬೇಗ ಬೆಳೆಯುವ ಮರ ಇಂಗಾಲವನ್ನೂ ಬೇಗ ಕೂಡಿಹಾಕುವುದರಿಂದ ಟನ್ ಲೆಕ್ಕದಲ್ಲಿ ಅದಕ್ಕೇ ಅಂಕ ಹೆಚ್ಚು. ಅತ್ತಿಯ ಹಣ್ಣಿಗೆ ಬರುವ ಹಕ್ಕಿಗಳಿಗೆ ಆ ಲೆಕ್ಕಪುಸ್ತಕದಲ್ಲಿ ಕಲಮೇ ಇಲ್ಲ. ನೀಲಗಿರಿ ನೆಡುತೋಪುಗಳ ಕತೆಯೂ ಇದೇ. ಅಂತರ್ಜಲದ ಚಿಂತೆಯಿಂದ ಕರ್ನಾಟಕ ಸರ್ಕಾರ 2017ರಲ್ಲಿ ಹೊಸ ನೀಲಗಿರಿ ನೆಡುವಿಕೆಯನ್ನು ನಿಷೇಧಿಸುವ ಹೊತ್ತಿಗೆ ಹಲವು ದಶಕಗಳು ಕಳೆದಿದ್ದವು.

ಈ ಕೊರತೆ ತುಂಬಲು ಹವಾಮಾನ, ಸಮುದಾಯ, ಜೀವವೈವಿಧ್ಯ ಮೂರನ್ನೂ ಒಟ್ಟಿಗೆ ಪರಿಶೀಲಿಸುವ ‘ಸಿಸಿಬಿ’ ಎಂಬ ಪ್ರತ್ಯೇಕ ಮಾನದಂಡವಿದೆ. ಅದರ ಮುದ್ರೆಯಿರುವ ಕ್ರೆಡಿಟ್‌ಗೆ ಗಿರಾಕಿಗಳು ಹೆಚ್ಚು ಬೆಲೆ ಕೊಡುವುದುಂಟು.

2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ‘ಹಸಿರು ಕ್ರೆಡಿಟ್’ ನಿಯಮಗಳನ್ನು ಇದರೊಡನೆ ಬೆರೆಸಬಾರದು. ಹಸಿರು ಕ್ರೆಡಿಟ್ ಒಂದು ಟನ್ ಇಂಗಾಲವನ್ನು ಪ್ರತಿನಿಧಿಸುವುದಿಲ್ಲ. 2024ರ ಫೆಬ್ರವರಿಯ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಮರಗಳು, ಮರಕ್ಕೊಂದು ಕ್ರೆಡಿಟ್ ಎಂಬ ಲೆಕ್ಕವಿತ್ತು. ತೋಳಗಳಿಗೆ ಹೆಸರಾದ ಮೇಲುಕೋಟೆಯಂಥ ಕುರುಚಲು ಕಾಡಿಗೆ ಈ ಅಳತೆ ಹೊಂದುವಂಥದ್ದಲ್ಲ. ಅಲ್ಲಿನ ಪ್ರಾಣಿಗಳಿಗೆ ಬಯಲೇ ಮನೆ. 2025ರಲ್ಲಿ ವಿಧಾನವನ್ನು ಪರಿಷ್ಕರಿಸಿ ನೆಟ್ಟ ಗಿಡ ಐದು ವರ್ಷ ಉಳಿದು ಬೆಳೆಯಬೇಕೆಂದು ಮಾಡಿದ್ದು ಸ್ವಾಗತಾರ್ಹವಾದರೂ ಬಯಲಿನ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ. ಕಾರ್ಬನ್ ಕ್ರೆಡಿಟ್‌ಗಾಗಿ ಇರುವುದು 2023ರ ಜೂನಿನಲ್ಲಿ ಅಧಿಸೂಚಿತವಾದ ಬೇರೊಂದು ಯೋಜನೆ.

ಹೂಟಗಳ್ಳಿಯ ಅಥವಾ ಹೆಬ್ಬಾಳದ ಸಣ್ಣ ಕಾರ್ಖಾನೆಯೊಂದು ವರ್ಷಕ್ಕೆ ಒಂದು ಲಕ್ಷ ಯೂನಿಟ್ ವಿದ್ಯುತ್ ಬಳಸುತ್ತದೆಂದು ಭಾವಿಸೋಣ. ಯೂನಿಟ್ಟಿಗೆ ಸುಮಾರು 0.7 ಕಿಲೋ ಹೊಗೆಯಂತೆ ಅದು 70 ಟನ್. ಹತ್ತನೆಯ ಒಂದು ಭಾಗ ಉಳಿಸಿದರೆ 7 ಕ್ರೆಡಿಟ್. ಟನ್ನಿಗೆ 500 ರೂಪಾಯಿ ಹಿಡಿದರೂ 3,500 ರೂಪಾಯಿ. ಅದೇ ಹತ್ತು ಸಾವಿರ ಯೂನಿಟ್ಟಿನ ಬಿಲ್ಲು, ಯೂನಿಟ್ಟಿಗೆ 7 ರೂಪಾಯಿಯಂತೆ, 70,000 ರೂಪಾಯಿ. ಮಾರುವವರಾಗಿ ಸಣ್ಣ ಉದ್ದಿಮೆದಾರರಿಗೆ ಇದರಲ್ಲಿ ಹೆಚ್ಚಿನದೇನೂ ಇಲ್ಲ. ಕೊಳ್ಳುವವರಾಗಿ ಮಾತ್ರ ಎಚ್ಚರ ಬೇಕು, ಏಕೆಂದರೆ ಹೊರದೇಶದ ಖರೀದಿದಾರರು ಸರಕಿನ ಇಂಗಾಲದ ಲೆಕ್ಕ ಕೇಳತೊಡಗಿದ್ದಾರೆ. ‘ನಿಮ್ಮ ಹೆಸರಿನಲ್ಲಿ ಮರ ನೆಡುತ್ತೇವೆ’ ಎಂದು ಬರುವ ಮಧ್ಯವರ್ತಿಯ ಬಳಿ ಯೋಜನೆ ಯಾವ ನೋಂದಣಿ ಸಂಸ್ಥೆಯಲ್ಲಿದೆ, ಯಾವ ಜಾತಿಯ ಗಿಡಗಳು, ಆ ನೆಲದಲ್ಲಿ ಮೊದಲು ಏನಿತ್ತು, ಹಣದಲ್ಲಿ ಹಳ್ಳಿಗರ ಪಾಲೆಷ್ಟು ಎಂದು ವಿಚಾರಿಸಬೇಕು. ಪ್ರತಿ ಕ್ರೆಡಿಟ್‌ಗೂ ಕ್ರಮಸಂಖ್ಯೆಯಿರುತ್ತದೆ. ಅದು ಕೊಂಡವರ ಹೆಸರಿನಲ್ಲಿ ಒಮ್ಮೆ ರದ್ದಾದರೆ ಮತ್ತೊಬ್ಬರಿಗೆ ಮಾರುವಂತಿಲ್ಲ. ಹಣ ಕೊಡುವ ಮುನ್ನ ಆ ಸಂಖ್ಯೆಯನ್ನು ನೋಂದಣಿ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ನೋಡಿಕೊಳ್ಳಲು ಹತ್ತು ನಿಮಿಷ ಸಾಕು.